ಎರಡು ಮಸೀದಿಯ ಮಾತು

ಸುರಪುರದ ಕಡೆಯಿಂದ ತೆಲುಗು ಸೀಮೆಗೆ ಬಂದು ಮಲ್ಕಾಜ್‌ಗಿರಿಯಲ್ಲಿ ಗಾದಿ ಹೊಲಿಯುವ ಲಾಡ್ಲೆಸಾಬ ನಡಾಫ ಕೆಟ್ಟವನಲ್ಲ. ಅಂಗಡಿ ಮುಚ್ಚಿ, ಮೀಸೆಗೆ ಅಂಟಿದ ಹತ್ತಿ ಒರೆಸಿಕೊಳ್ಳುತ್ತ ಮನೆಗೆ ಬಂದರೆ, ತಾಯಿಯಿಲ್ಲದ ಮಗಳು ಶಮೀನಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ರೊಟ್ಟಿ ಮುರಿಯುತ್ತಿದ್ದ. ಅವಳು ಹತ್ತನೆಯದು ಪಾಸಾದಾಗ ಓಣಿಗೆಲ್ಲ ಪೇಡೆ ಹಂಚಿದವನೂ ಅವನೇ. ಇಂಟರ್ ಓದಲು ಕಾಲೇಜು ಸೇರುತ್ತೇನೆ, ನರ್ಸ್ ಆಗುತ್ತೇನೆ ಎಂದು ಅವಳು ಅಂದಾಗ ಅವನ ತಾಯಿ ಹುಸೇನಮ್ಮ ಗಂಗಾಳ ದೂಡಿದಳು.

“ಸಾಕು ಬಿಡೋ. ಕುರಾನ್ ಓದಾಕ ಬರ್ತದ, ಹೆಸರು ಬರಿಯಾಕ ಬರ್ತದ. ಭಾಳ ಓದಿದ ಹುಡುಗೀನ ಯಾರು ಮಾಡ್ಕೋತಾರ? ನಮ್ಮ ಮಂದಿ ಮಾರಿಗೆ ಉಗೀತಾರ.”

ಮಗಳ ಮುಖ ನೋಡಿ ‘ಬೇಡ’ ಎನ್ನಲು ಲಾಡ್ಲೆಸಾಬನಿಗೆ ಬಾಯಿ ಬರಲಿಲ್ಲ. ಇನ್ನೊಬ್ಬರಿಂದ ಅನ್ನಿಸೋಣವೆಂದು ಓಣಿಯ ಮಸೀದಿಗೆ ಹೋದ. ಬೀದರ ಕಡೆಯಿಂದ ಬಂದ ಅಲ್ಲಿಯ ಇಮಾಮರು ನಕ್ಕುಬಿಟ್ಟರು.

“ಇಲ್ಮ್ ಕಲಿಯೋದು ಗಂಡಿಗೂ ಫರ್ಜ್, ಹೆಣ್ಣಿಗೂ ಫರ್ಜ್, ಬಿಡಾಕ ಬರಂಗಿಲ್ಲ. ಕಳಿಸ್ರಿ. ನಮ್ಮ ಹೆಣ್ಮಕ್ಕಳಿಗೆ ಹೆಣ್ಣು ನರ್ಸೇ ಬೇಕಂತೀರಿ, ಅದಕ್ಕ ಯಾರಾದ್ರೂ ಓದಬೇಕಲ್ರಿ?”

ಇವನ ಜಾಣತನ ನೋಡಿ! ಇಮಾಮರು ಇನ್ನೂ ಹುಡುಗ ಎಂದುಕೊಂಡು ಮರುದಿನ ನಾಚಾರಂ ಬಸ್ಸು ಹತ್ತಿದ. ಅಲ್ಲಿಯ ಮಸೀದಿಯ ಹಿರಿಯ ಮೌಲಾನಾ, ದೀನಿನ ಓದು, ಧರ್ಮದ ಓದು ಆಯಿತಲ್ಲ, ಗಂಡುಹುಡುಗರ ನಡುವೆ ಕೂತು ಕಲಿಯುವುದು ಬೇಡ, ಹೆಣ್ಣಿಗೆ ಮನೆಯೇ ಕ್ಷೇಮ ಎಂದರು. ನಾಲ್ಕು ಅಂಗಡಿ ಅಲೆದು ಬೇಕಾದ ಬಟ್ಟೆಯನ್ನೇ ಕೊಂಡವನಂತೆ ಆ ಮಾತೊಂದನ್ನೇ ಮನೆಗೆ ತಂದ. ಇಮಾಮರ ಮಾತನ್ನು ನುಂಗಿಕೊಂಡು ಮಗಳಿಗೆ ಹೇಳಿದ.

“ಮೌಲಾನಾ ಬ್ಯಾಡ ಅಂದ್ರವ್ವ. ಅಲ್ಲಾನ ಹುಕುಂ ಅದು.”

ಹುಡುಗಿ ಜಗಳವಾಡಲಿಲ್ಲ. “ಆತಪ್ಪ” ಎಂದು ಒಲೆಯ ಮುಂದೆ ಕೂತಳು. ಜಗಳವಾಡಿದ್ದರೆ ಅವನ ಎದೆಯಾದರೂ ಹಗುರಾಗುತ್ತಿತ್ತು. ಈಗ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಳ್ಳದೆ ಒಬ್ಬನೇ ರೊಟ್ಟಿ ಮುರಿಯುತ್ತಿದ್ದ. ಇಮಾಮರು ಎದುರಿಗೆ ಕಂಡರೆ ಬೇರೆ ಗಲ್ಲಿ ಹಿಡಿಯುತ್ತಿದ್ದ. ಅಯ್ಯೋ ಓದುಗರೇ, ನಮ್ಮ ನಮ್ಮ ಅಂಜಿಕೆಗೆ ದೇವರ ಹೆಸರಿಡುವ ಚಟ ಯಾವ ಜಾತಿಯ ಮನೆಯಲ್ಲಿಲ್ಲ ಹೇಳಿ!

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಶಮೀನಾ ನಮಾಜು ಮುಗಿಸಿ ಕೈಯೆತ್ತಿ ಬೇಡುತ್ತಿದ್ದಳು. ಮನೆಮಾತು ಕನ್ನಡ; ಅವಳ ದುವಾ ಕೂಡ ಕನ್ನಡದಲ್ಲೇ.

“ಯಾ ಅಲ್ಲಾ, ಓದಬೇಕಂತ ಆಸೆ ಪಟ್ಟೆ. ನಿನಗ ಬ್ಯಾಡಾದದ್ದು ಅಂತ ಗೊತ್ತಿರಲಿಲ್ಲ. ಮಾಫ್ ಮಾಡು. ಆಸೆ ಇನ್ನೂ ಹೋಗವಲ್ದು, ನೀನೇ ತೆಗೆದುಬಿಡು.”

ಲಾಡ್ಲೆಸಾಬ ಹೊಸ್ತಿಲು ದಾಟಿ ಬಂದು ಅವಳೆತ್ತಿದ ಕೈಗಳನ್ನು ಹಿಡಿದುಕೊಂಡ.

“ಬ್ಯಾಡವ್ವ, ಹಂಗ ಬೇಡ್ಕೋಬ್ಯಾಡ. ನಮ್ಮ ಓಣಿ ಇಮಾಮ್ರು ಕಳಿಸು ಅಂದಿದ್ರು, ನಾನೇ ಮುಚ್ಚಿಟ್ಟೆ. ಹುಕುಂ ಅಲ್ಲಾಂದಲ್ಲ, ನಂದು. ಏಳು, ಈಗ್ಲೇ ಕಾಲೇಜಿಗೆ ಹೋಗೋಣು.”

“ಮಂದಿ ಏನಂತಾರೋ?” ಎಂದು ಹುಸೇನಮ್ಮ ಒಳಗಿಂದ ಕೂಗಿದಳು.

“ಮಂದಿಗೆ ಅಂಜಿ ಅಲ್ಲಾನ ಮ್ಯಾಲೆ ಹಾಕಿದೆ ಅವ್ವ. ಇನ್ನ ಅದು ನನ್ನ ಕೈಲಿ ಆಗಂಗಿಲ್ಲ.”

ಶಮೀನಾ ನಮಾಜಿನ ಹಾಸು ಜಾನಮಾಜನ್ನು ಮಡಚಿಟ್ಟು ಎದ್ದಳು. ಅಪ್ಪನನ್ನೇ ನೋಡಿದಳು.

“ಬರ್ತೀನಪ್ಪ. ಆದ್ರ ಇಷ್ಟು ದಿನ ನಾನು ಮಾಫಿ ಬೇಡಿದ್ದು ಯಾವ ತಪ್ಪಿಗೆ?”