ಎರಡನೆಯ ಕೂಗು

ನಾನು ಒಂದು ಸೈರನ್. ನಮ್ಮ ಸ್ಪೇನ್ ದೇಶದ ಭಾಷೆಯಲ್ಲಿ ನನ್ನ ಜಾತಿಯ ಹೆಸರಿಗೆ ಮತ್ಸ್ಯಕನ್ಯೆ ಎಂಬ ಅರ್ಥವೂ ಇದೆ. ನನ್ನನ್ನು ಕಣ್ಣಾರೆ ನೋಡಿದ ಯಾರೂ ಆ ವಿಷಯದಲ್ಲಿ ಮೋಸಹೋಗಿಲ್ಲ. ಬಾಲ ಇರಬೇಕಾದಲ್ಲಿ ಕಬ್ಬಿಣದ ಹಿಡಿಕೆ, ಮುಖ ಇರಬೇಕಾದಲ್ಲಿ ತಗಡಿನ ಬಾಯಿ, ಹೊಟ್ಟೆಯಲ್ಲಿ ತೂತುತೂತಾದ ಒಂದು ಉರುಳೆ. ಹಿಡಿಕೆ ತಿರುಗಿಸಿದರೆ ಉರುಳೆ ಗಾಳಿಯನ್ನು ಸೀಳುತ್ತದೆ, ಗಾಳಿ ಅಳುತ್ತದೆ, ಜನ ನಾನೇ ಅತ್ತೆ ಎಂದುಕೊಳ್ಳುತ್ತಾರೆ. ಸೊಸೆಯಂದಿರು ಬೇರೆ ಅರ್ಥ ಮಾಡಿಕೊಳ್ಳಬಾರದು.

ನನ್ನನ್ನು ಎರಕ ಹೊಯ್ದದ್ದು ಉತ್ತರದ ಗುಡ್ಡಗಳ ನಡುವಿನ ಒಂದು ಕುಲುಮೆಯಲ್ಲಿ. ಅಚ್ಚಿನಿಂದ ಹೊರಬಿದ್ದಾಗ ಇನ್ನೂ ಬಿಸಿಯಾಗಿದ್ದೆ. ಒಬ್ಬ ಮುದುಕ ತಿರುಗಿಸಿ ನೋಡಿ, “ಸತ್ತವರೂ ಎದ್ದು ಕೂರ್ತಾರೆ” ಎಂದು ಸರ್ಟಿಫಿಕೇಟು ಕೊಟ್ಟ. ಅಲ್ಲಿಂದ ಎತ್ತಿನ ಗಾಡಿಯಲ್ಲಿ ನಾನು ಬಂದದ್ದು ವಿಯಾಮಾರ್ ಎಂಬ ಪುಟ್ಟ ಬಂದರಿಗೆ. ಮೀನನ್ನು ಡಬ್ಬಿಯಲ್ಲಿ ತುಂಬುವ ಒಂದು ಕಾರ್ಖಾನೆಯ ಗೋಡೆಯ ಮೇಲೆ ನನ್ನನ್ನು ಕೂರಿಸಿದರು.

ಅಲ್ಲಿ ಕೆಲಸಕ್ಕೆ ಗಡಿಯಾರ ಇರಲಿಲ್ಲ. ದೋಣಿಗಳು ಬೂತಾಯಿ ಮೀನು ತುಂಬಿಕೊಂಡು ಬಂದಾಗ ನಾನು ಉದ್ದಕ್ಕೆ ಕೂಗುತ್ತಿದ್ದೆ. ಊರಿನ ಹೆಂಗಸರು ಒಲೆಯ ಮೇಲಿದ್ದದ್ದನ್ನು ಒಲೆಯ ಮೇಲೇ ಬಿಟ್ಟು, ಏಪ್ರನ್ ಕಟ್ಟಿಕೊಳ್ಳುತ್ತಾ ಓಡಿ ಬರುತ್ತಿದ್ದರು. ನನ್ನ ಹಿಡಿಕೆ ಎದೆಲ್ಮಿರ ಎಂಬಾಕೆಯ ಕೈಯಲ್ಲಿತ್ತು. ಹಿಡಿಕೆ ಬಹಳ ಬಿಗಿ. ಮೊದಲ ಸುತ್ತಿಗೆ ಭುಜ ಕೊಟ್ಟು ನೂಕಬೇಕು. ಗಂಡಸರು ಬಂದು ಪ್ರಯತ್ನಿಸಿ ಸೊಂಟ ಹಿಡಿದುಕೊಂಡು ಹೋಗುತ್ತಿದ್ದರು. ಆಕೆಗೆ ಹೆಸರಿನಲ್ಲೇ ಎದೆ ಇತ್ತು.

ಗೋಡೆಯ ಈಚೆಗೆ ಕಾರ್ಖಾನೆಯಾದರೆ ಆಚೆಗೆ ಫುಟ್‌ಬಾಲ್ ಮೈದಾನ, ಅದರಾಚೆಗೆ ಸಮುದ್ರ. ಯಾವುದೋ ಇಂಗ್ಲಿಷ್ ಹಡಗಿನವರು ಬಿಟ್ಟುಹೋದ ಚೆಂಡಿನಿಂದ ನಮ್ಮ ಕ್ಲಬ್ ಹುಟ್ಟಿತು. ಹೆಸರು ರೋವರ್ಸ್. ಎಂದರೆ ಅಲೆಮಾರಿಗಳು ಎಂದು ಯಾರೋ ಅರ್ಥ ಹೇಳಿದಾಗ ಬೆಸ್ತರು ಒಪ್ಪಿದರು. ಅಲೆಯ ಮೇಲೆ ಬದುಕುವವರಿಗೆ ಇನ್ನೇನು ಹೆಸರು ಬೇಕು? ಅಂಗಿ ಕೆಂಪು. ಅಧ್ಯಕ್ಷರು ಊರಿನ ಔಷಧಿ ಅಂಗಡಿಯ ಎಲೀಸಿಯೊ. ದೊಡ್ಡವರೆಂದು ಎಲ್ಲರೂ ಅವರನ್ನು ‘ದೋನ್ ಎಲೀಸಿಯೊ’ ಎನ್ನುತ್ತಿದ್ದರು.

ಆಟದ ದಿನ ಅರ್ಧ ಊರು ಮೈದಾನದಲ್ಲಿ, ಇನ್ನರ್ಧ ಸಮುದ್ರದಲ್ಲಿ. ಬಲೆ ಎಳೆಯುವವರಿಗೆ ಸುದ್ದಿ ಮುಟ್ಟಬೇಕಲ್ಲ? ಅದಕ್ಕೆ ಒಂದು ಪದ್ಧತಿ ಬಂತು. ಎದುರಾಳಿ ಗೋಲು ಹೊಡೆದರೆ ನಾನು ಒಂದು ಸಲ ಕೂಗಬೇಕು, ನಮ್ಮವರು ಹೊಡೆದರೆ ಎರಡು ಸಲ. ಒಂದು ಕೂಗು ಗೋಳು, ಎರಡು ಕೂಗು ಗೋಲು. ಎರಡನೆಯ ಕೂಗು ಬಂತೆಂದರೆ ದೋಣಿಗಳಿಂದ ಟೋಪಿಗಳು ಮೇಲೆ ಹಾರುವುದು ನನಗೆ ಕಾಣುತ್ತಿತ್ತು.

ಎದೆಲ್ಮಿರಳ ಗಂಡ ಸೆರ್ವಾಂದೊ ನಮ್ಮ ಗೋಲ್‌ಕೀಪರ್. ಕೆಲಸಕ್ಕೆ ಮುಂಚೆ, ನಸುಕಿನ ಮಂಜಿನಲ್ಲಿ ಒಂದು ಆಟ ಆಡಿಬಿಡುವುದು ನಮ್ಮ ಹುಡುಗರ ಚಾಳಿ. ಆಗ ಅವನು ಒಂದು ಗೋಲು ಬಿಟ್ಟನೋ, ಇವಳು ಬೇಕೆಂದೇ ನನ್ನನ್ನು ಎರಡು ಸಲ ಕೂಗಿಸಿ ಊರಿಗೆಲ್ಲ ಸಾರುತ್ತಿದ್ದಳು.

“ಲೇ, ನೀನು ಯಾರ ಕಡೆ?” ಎಂದು ಅವನು ಕೆಳಗಿನಿಂದ ಕಿರುಚುತ್ತಿದ್ದ.

“ಗೋಲು ಹೊಡೆದವರ ಕಡೆ” ಎಂದು ಇವಳು ಮೇಲಿನಿಂದ ಹೇಳುತ್ತಿದ್ದಳು.

ಆಮೇಲೆ ಯುದ್ಧ ಬಂತು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ನಿಂತು ಗುಂಡು ಹಾರಿಸಿಕೊಂಡ ಯುದ್ಧ. ಆಗ ನಾನು ವಿಮಾನಗಳಿಗಾಗಿ ಕೂಗಿದೆ. ಬಿಟ್ಟು ಬಿಟ್ಟು, ಮೇಲಿಂದ ಮೇಲೆ. ನನ್ನ ದನಿ ಕೇಳಿದರೆ ಟೋಪಿ ಹಾರಿಸುತ್ತಿದ್ದ ಜನ ನೆಲಕ್ಕೆ ಬೀಳತೊಡಗಿದರು. ಸ್ವರ ನನ್ನದು ಒಂದೇ. ಅರ್ಥ ಮಾತ್ರ ಅವರು ಕೊಟ್ಟದ್ದು.

ಗೆದ್ದವರು ಸೈನ್ಯದ ಕಡೆಯವರು. ಸೋತವರ ಕಡೆಯಿಂದ ಸೆರ್ವಾಂದೊ ತಪ್ಪಿಸಿಕೊಂಡು ಬಂದು, ಊರಾಚೆಯ ಬಂಡೆಯ ನೆತ್ತಿಯಲ್ಲಿರುವ ಗುಹೆಯಲ್ಲಿ ಅಡಗಿಕೊಂಡ. ಊರಿಗೆಲ್ಲ ಗೊತ್ತಿತ್ತು, ಊರು ಬಾಯಿ ಬಿಡಲಿಲ್ಲ. ಆ ಬಂಡೆಯ ಬುಡಕ್ಕೆ ದಾರಿ ತೆರೆಯುವುದು ಅಮಾವಾಸ್ಯೆ ಹುಣ್ಣಿಮೆಯಂದು ಸಮುದ್ರದ ದೊಡ್ಡ ಇಳಿತದಲ್ಲಿ ಮಾತ್ರ. ಎದೆಲ್ಮಿರ ಕಪ್ಪೆಚಿಪ್ಪು ಆರಿಸುವ ನೆಪದಲ್ಲಿ ಹೋಗಿ ರೊಟ್ಟಿ, ಮೀನಿನ ಡಬ್ಬಿ ಕೊಟ್ಟು ಬರುತ್ತಿದ್ದಳು.

ಅವಳ ಅಣ್ಣ ಕೊಸ್ಮೆಯ ಬಳಿ ದೋಣಿ ಇತ್ತು. ನನ್ನ ಬುಡದಲ್ಲೇ ನಿಂತು ಇಬ್ಬರೂ ಉಪಾಯ ಮಾಡಿದರು.

“ಮಂಜು ಕವಿದ ದಿನ ನಸುಕಿಗೆ ದೋಣಿ ಬಂಡೆಯ ಕೆಳಗೆ ತರ್ತೀನಿ. ಫ್ರಾನ್ಸಿಗೆ ದಾಟಿಸೋದು ನನ್ನ ಜವಾಬ್ದಾರಿ” ಎಂದ ಕೊಸ್ಮೆ. “ಆದರೆ ಮಂಜಲ್ಲಿ ಅವನಿಗೆ ದೋಣಿ ಕಾಣಲ್ಲ. ದೋಣಿ ಇಲ್ಲದೆ ಸುಮ್ಮನೆ ಇಳಿದರೆ ಎದುರುಗಡೆ ಕಾವಲಿನವರು ಹೊಡೆದು ಹಾಕ್ತಾರೆ. ಏನಾದರೂ ಸನ್ನೆ ಬೇಕಲ್ಲ?”

ಎದೆಲ್ಮಿರ ನನ್ನ ಬೆನ್ನು ತಟ್ಟಿದಳು. “ಇವಳಿದ್ದಾಳಲ್ಲ. ಎರಡು ಕೂಗು. ಕೇಳಿದ್ರೆ ಇಳಿದು ಬಾ ಅಂತ ಹೇಳಿ ಬರ್ತೀನಿ.”

ಆ ಸನ್ನೆಯಲ್ಲಿ ಆಗ ಯಾರಿಗೂ ತಪ್ಪು ಕಾಣಲಿಲ್ಲ. ಮೈದಾನದಲ್ಲಿ ಆಲೂಗಡ್ಡೆ ಬೆಳೆದಿತ್ತು. ಗೋಲಿನ ಕಂಬಗಳು ಯಾರದೋ ಒಲೆಯಲ್ಲಿ ಉರಿದುಹೋಗಿದ್ದವು. ಫುಟ್‌ಬಾಲ್ ಎಂಬುದೇ ಸತ್ತಿತ್ತು. ಎರಡು ಕೂಗಿಗೆ ಬೇರೆ ಅರ್ಥ ಕೊಡಲು ಯಾರೂ ಉಳಿದಿರಲಿಲ್ಲ.

ಆದರೆ ಊರಿಗೆ ಬಂದಿದ್ದ ಹೊಸ ಕಮಾಂಡರಿಗೆ ಊರು ನಗುತ್ತಿರುವುದನ್ನು ಮೇಲಿನವರಿಗೆ ತೋರಿಸಬೇಕಾಗಿತ್ತು. ಅವರು ಮಾತಾಡುವ ಧಾಟಿಯೇ ಬೇರೆ: ಗಂಟಲನ್ನು ಎರಡು ಸಲ ಸರಿಮಾಡಿಕೊಂಡು, ಪ್ರತಿ ಪದಕ್ಕೂ ಬೂಟು ತೊಡಿಸಿ ಹೊರಗೆ ಕಳಿಸುತ್ತಿದ್ದರು. ಒಂದು ಶನಿವಾರ ಚೌಕದಲ್ಲಿ ನಿಂತು ಸಾರಿದರು: “ನಾಳೆ. ಇಲ್ಲಿ. ಕಾಲ್ಚೆಂಡಿನ ಪಂದ್ಯ. ನಡೆಯತಕ್ಕದ್ದು.” ಪರದೇಶಿ ಹೆಸರು ಕೂಡದು, ರೋವರ್ಸ್ ಹೋಗಿ ಕ್ಲುಬ್ ದೆಪೋರ್ತಿವೊ ಆಯಿತು. ಕೆಂಪು ಸೋತವರ ಬಣ್ಣ, ಅಂಗಿ ನೀಲಿಯಾಯಿತು. “ಸೈರನ್ ಮಾತ್ರ,” ಎಂದರು ಕಮಾಂಡರ್, ಮತ್ತೆ ಗಂಟಲು ಸರಿಮಾಡಿಕೊಂಡು, “ಹಿಂದಿನಂತೆಯೇ. ಕೂಗತಕ್ಕದ್ದು.”

ಎದೆಲ್ಮಿರ ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ಕುಳಿತಳು. ಅಮಾವಾಸ್ಯೆಯ ಇಳಿತದಲ್ಲಿ ಹೋಗಿ ಸನ್ನೆ ಹೇಳಿ ಬಂದು ನಾಲ್ಕೈದು ದಿನವಾಗಿತ್ತು. ಗುಹೆಯ ದಾರಿ ನೀರಿನ ಅಡಿಯಲ್ಲಿ. ಈಗ ಅವನಿಗೆ ಬೇರೆ ಸನ್ನೆ ಹೇಳಿ ಬರುವ ಹಾಗಿಲ್ಲ. ನಾಳೆ ನಮ್ಮವರು ಗೋಲು ಹೊಡೆದರೆ ಎರಡು ಕೂಗಬೇಕು. ಎರಡು ಕೂಗಿದರೆ ಅವನು ಇಳಿಯುತ್ತಾನೆ. ಕೆಳಗೆ ದೋಣಿ ಇರುವುದಿಲ್ಲ, ಬಂದೂಕು ಇರುತ್ತದೆ.

“ನಮ್ಮವರು ಸೋಲಲಿ, ತಾಯಿ” ಎಂದು ಬೇಡಿಕೊಂಡಳು. ನಮ್ಮ ಕ್ಲಬ್ಬಿನ ಇತಿಹಾಸದಲ್ಲೇ ಅಂಥ ಪ್ರಾರ್ಥನೆ ಅದೊಂದೇ.

ಭಾನುವಾರ ಹಗ್ಗ ಕಟ್ಟಿ ಗೋಲಿನ ಚೌಕಟ್ಟು ಮಾಡಿದರು. ಆಲೂಗಡ್ಡೆ ಸಾಲಿನ ಮೇಲೆ ಹುಡುಗರು ಎಡವಿ ಎಡವಿ ಆಡಿದರು. ಹೊಟ್ಟೆಗಿಲ್ಲದ ಹುಡುಗರು, ಗೋಲು ಹೊಡೆಯಲಾರರು ಎಂದು ನಾನೂ ಧೈರ್ಯ ಮಾಡಿಕೊಂಡಿದ್ದೆ. ಆಟ ಮುಗಿಯಲು ಬಂದಾಗ, ಯಾರದೋ ಮೊಣಕಾಲಿಗೆ ತಗಲಿದ ಚೆಂಡು ಉರುಳುತ್ತಾ ಉರುಳುತ್ತಾ ಹೋಗಿ ಎದುರಾಳಿಯ ಹಗ್ಗದೊಳಗೆ ನಿಂತಿತು.

ಜನ ಕೂಗಲಿಲ್ಲ. ಎಲ್ಲರೂ ತಲೆಯೆತ್ತಿ ನಮ್ಮನ್ನು ನೋಡಿದರು. ಕಮಾಂಡರೂ ನೋಡಿದರು.

ಎದೆಲ್ಮಿರ ಭುಜ ಕೊಟ್ಟು ನೂಕಿದಳು. ನಾನು ಒಂದು ಸಲ ಕೂಗಿದೆ. ಕೂಗಿದ್ದೇ ತಡ, ಅರ್ಧ ಜನ ಹಳೆಯ ಭಯಕ್ಕೆ ತಲೆಯ ಮೇಲೆ ಕೈಯಿಟ್ಟುಕೊಂಡು ನೆಲಕ್ಕೆ ಕುಕ್ಕರಿಸಿದರು. ಉರುಳೆ ನಿಧಾನವಾಯಿತು. ಆಕೆ ಎರಡೂ ಕೈಯಿಂದ ಹಿಡಿಕೆಯನ್ನು ಅಪ್ಪಿ ಹಿಡಿದಳು. ಮತ್ತೆ ತಿರುಗಿಸಲಿಲ್ಲ.

“ಎರಡು ಎಂದು ಕೇಳಿದ್ದೆ” ಎಂದರು ಕಮಾಂಡರ್. “ಒಂದೇ. ಏಕೆ?”

ದೋನ್ ಎಲೀಸಿಯೊ ಎದ್ದು ನಿಂತರು. ಮುದುಕರ ದನಿ ಅಲುಗಲಿಲ್ಲ. “ನೀವೇ ನೋಡಿದ್ರಲ್ಲ, ಸ್ವಾಮಿ. ಒಂದಕ್ಕೇ ಜನ ಮಣ್ಣಿಗೆ ಬಿದ್ದರು. ಇನ್ನೊಂದು ಕೂಗಿದ್ರೆ ವಿಮಾನ ಬಂತು ಅಂತ ಬೇಲಿ ಮುರ್ಕೊಂಡು ಓಡ್ತಾರೆ. ಅದಕ್ಕೆ ನಾನೇ ಬೇಡ ಅಂದಿದ್ದೆ.”

“ಹೌದು ಸ್ವಾಮಿ, ಮೊದಲೇ ಹೇಳಿದ್ರು” ಎಂದ ಕುಕ್ಕರಿಸಿದ್ದವರಲ್ಲಿ ಒಬ್ಬ. “ಹೌದೌದು” ಎಂದರು ಹತ್ತು ಜನ. ಅವರಿಗೆ ದೋನ್ ಎಲೀಸಿಯೊ ಏನೂ ಹೇಳಿರಲಿಲ್ಲ. ಆದರೆ ಎದೆಲ್ಮಿರ ಒಂದಕ್ಕೇ ನಿಲ್ಲಿಸಿದ್ದು ಯಾರಿಗಾಗಿ ಎಂದು ಮೈದಾನದಲ್ಲಿ ಊಹಿಸದವರು ಕಮಾಂಡರ್ ಒಬ್ಬರೇ.

“ಹಾಗಾದರೆ ಇನ್ನು ಮುಂದೆ ಒಂದೇ” ಎಂದು ಅವರು ಅಪ್ಪಣೆ ಕೊಡಿಸಿದರು.

ಹೆಸರು ಹೋಗಿತ್ತು, ಬಣ್ಣ ಹೋಗಿತ್ತು. ಅವತ್ತು ಊರೆಲ್ಲ ಸೇರಿ ಹೇಳಿದ ಒಂದು ಸುಳ್ಳೇ ನಮ್ಮ ಕ್ಲಬ್ ಆಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಎಣ್ಣೆ ಹಾಕಿಸಿಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ.

ಗುರುವಾರ ನಸುಕಿಗೆ ಮಂಜು ಕವಿಯಿತು. ಒಳ್ಳೆಯ ಮಂಜು, ನನಗೆ ನನ್ನ ಹಿಡಿಕೆಯೇ ಕಾಣುತ್ತಿರಲಿಲ್ಲ. ಕೊಸ್ಮೆಯ ದೋಣಿ ಹೊರಟಿತು. ಎದೆಲ್ಮಿರ ಓಡಿ ಬಂದು ಎರಡು ಸಲ ಕೂಗಿಸಿದಳು. ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಕೂಗಿಲ್ಲ. ಏಕೆ ಕೂಗಿತೆಂದು ಕಾವಲಿನವರು ಕೇಳಿಯಾರು ಎಂದು ಹಿಂದೆಯೇ ಉದ್ದಕ್ಕೆ, ಮೀನಿನ ಕೂಗನ್ನೂ ಕೂಗಿಸಿದಳು. ಹೆಂಗಸರು ಏಪ್ರನ್ ಕಟ್ಟಿಕೊಳ್ಳುತ್ತಾ ಬಂದರು. ಒಂದು ಮೀನೂ ಇರಲಿಲ್ಲ. ಖಾಲಿ ಮೇಜುಗಳ ಮುಂದೆ ಸಾಲಾಗಿ ನಿಂತು, ಇಲ್ಲದ ಮೀನನ್ನು ತೊಳೆಯುತ್ತಾ ಹಾಡು ಹೇಳಿದರು. ಕಾವಲಿನವನೊಬ್ಬ ಇಣುಕಿ ನೋಡಿ ಹೋದ.

ಬಿಸಿಲೇರಿದ ಮೇಲೆ ಕೊಸ್ಮೆ ಬಂದ. ಒಬ್ಬನೇ ಬಂದ.

“ಮಂಜು ಹರಿಯೋವರೆಗೂ ಕಾದೆ. ಇಳಿಯಲಿಲ್ಲ.”

“ಕೇಳಿಸಲಿಲ್ವೇನೋ?”

“ಸತ್ತವರಿಗೂ ಕೇಳಿಸೋ ಹಾಗೆ ಕೂಗಿದೆಯಲ್ಲೇ.”

ಹುಣ್ಣಿಮೆಯ ಇಳಿತದವರೆಗೆ ಎದೆಲ್ಮಿರ ಅನ್ನ ನೀರು ಬಿಟ್ಟಂತೆ ಇದ್ದಳು. ಆಮೇಲೆ ಹೋಗಿ ಬಂದು, ನನಗೆ ಎಣ್ಣೆ ಹಾಕುತ್ತಾ ಎಲ್ಲವನ್ನೂ ಹೇಳಿದಳು. ನನಗೆ ಹೇಳಿದರೆ ಊರಿಗೆ ಹೇಳಿದಂತೆ ಎಂಬ ಗಾದೆ ಊರಲ್ಲಿತ್ತು. ಅವತ್ತು ಹೇಳಿಕೊಳ್ಳಲು ಅವಳಿಗೆ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಗುಹೆಯಲ್ಲಿ ಸೆರ್ವಾಂದೊ ನಗುತ್ತಾ ಕುಳಿತಿದ್ದನಂತೆ. ಅವಳನ್ನು ಕಂಡವನೇ ಮೊದಲು ಕೇಳಿದ್ದು: “ಗುರುವಾರ ಗೋಲು ಹಾಕಿದ್ದು ಯಾರೇ?”

ಭಾನುವಾರದ ಗದ್ದಲ, ಒಂದು ಕೂಗು, ಎರಡೂ ಗಾಳಿಯಲ್ಲಿ ತೇಲಿ ಅವನಿಗೆ ಮುಟ್ಟಿತ್ತು. ಫುಟ್‌ಬಾಲ್ ಮತ್ತೆ ಶುರುವಾಗಿದೆ, ನಮ್ಮವರು ಒಂದು ಗೋಲು ತಿಂದರು ಎಂದು ಅವನು ಲೆಕ್ಕ ಹಾಕಿದ್ದ. ಗುರುವಾರ ನಸುಕಿನಲ್ಲಿ ಎರಡು ಕೂಗು ಕೇಳಿದಾಗ, ಹುಡುಗರು ಹಳೇ ಚಾಳಿಯಂತೆ ಮಂಜಿನಲ್ಲಿ ಆಡುತ್ತಿದ್ದಾರೆ, ಹೊಸ ಗೋಲ್‌ಕೀಪರ್ ಒಂದು ಬಿಟ್ಟ, ಇವಳು ಅವನನ್ನೂ ಗೋಳುಹೊಯ್ದುಕೊಳ್ಳುತ್ತಿದ್ದಾಳೆ ಎಂದುಕೊಂಡು, ಕಂಬಳಿ ಹೊದ್ದು ಖುಷಿಯಾಗಿ ಮಲಗಿದ್ದ. ಭಾನುವಾರ ಅವನನ್ನು ಉಳಿಸಿದ ಕೂಗೇ ಗುರುವಾರ ಅವನನ್ನು ಕಟ್ಟಿಹಾಕಿತ್ತು.

“ನಾನು ಏನಂದೆ ಗೊತ್ತಾ?” ಎಂದು ಎದೆಲ್ಮಿರ ನನ್ನನ್ನು ಕೇಳಿದಳು. “ಯಾರೂ ಹಾಕಲಿಲ್ಲ ಕಣೋ, ಅಂದೆ.”

ಇನ್ನೊಂದು ಮಂಜು ಬರುವ ಮುಂಚೆ ಕಾವಲಿನವರು ಬಂಡೆ ಹತ್ತಿದರು. ಅವನನ್ನು ದೂರದ ಕಲ್ಲುಗಣಿಯ ಸೆರೆಗೆ ಕಳಿಸಿದರು.

ವರ್ಷಗಳು ಹೋದವು. ಕೊಸ್ಮೆಯ ಮಕ್ಕಳು ಆಡುವಷ್ಟು ದೊಡ್ಡವರಾದರು. ನಮ್ಮ ಗೋಲಿಗೆ ನಾನು ಒಂದೇ ಕೂಗುತ್ತಿದ್ದೆ. ಎದುರಾಳಿಯ ಗೋಲಿಗೆ ಸುಮ್ಮನಿರುತ್ತಿದ್ದೆ. ಒಂದು ಕೂಗಿ ನಿಂತ ಮೇಲೆ ಮೈದಾನದಲ್ಲಿ ಒಂದು ಉಸಿರಿನಷ್ಟು ಹೊತ್ತು ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಎರಡನೆಯದಕ್ಕೆ ಜಾಗ ಬಿಟ್ಟು ಕೂರುತ್ತಿದ್ದರು. ಆಮೇಲೆ ಗದ್ದಲ.

ಒಂದು ಭಾನುವಾರ ಬೇಲಿಯ ಬಳಿ ಒಬ್ಬ ಬಿಳಿಯ ತಲೆಯವನು ಕೆಮ್ಮುತ್ತಾ ನಿಂತಿದ್ದ. ಕಲ್ಲಿನ ಧೂಳು ಅವನ ಎದೆಯನ್ನು ತಿಂದಿತ್ತು. ಸೆರ್ವಾಂದೊ ಎಂದು ಜನ ಗುರುತಿಸುವುದಕ್ಕೇ ಸ್ವಲ್ಪ ಹೊತ್ತಾಯಿತು. ನಮ್ಮವರು ಗೋಲು ಹೊಡೆದರು. ನಾನು ಒಂದು ಕೂಗಿದೆ. ಆ ಒಂದು ಉಸಿರಿನ ಮೌನದಲ್ಲಿ ಇಡೀ ಮೈದಾನ ಅವನತ್ತ ತಿರುಗಿತು. ಎದೆಲ್ಮಿರಳ ಕೈ ಹಿಡಿಕೆಯ ಮೇಲೆ ಬಿಗಿಯಾಯಿತು. ಇಷ್ಟು ವರ್ಷ ನುಂಗಿದ್ದ ಎರಡನೆಯ ಕೂಗನ್ನು ಈಗ ಕೊಟ್ಟುಬಿಡಬಹುದಿತ್ತು, ಬರಬೇಕಾದವನು ಬಂದಿದ್ದ. ಆದರೆ ಮೇಲಿನ ಸಾಲಿನಲ್ಲಿ ಕಮಾಂಡರ್ ಇನ್ನೂ ಕೂತಿದ್ದರು. ಪಕ್ಕದಲ್ಲಿ, ಅವತ್ತು ಆ ಸುಳ್ಳು ಹೇಳಿದ್ದ ಹಣ್ಣು ಮುದುಕ ದೋನ್ ಎಲೀಸಿಯೊ.

ಸೆರ್ವಾಂದೊ ತಲೆಯೆತ್ತಿ ಅವಳನ್ನು ನೋಡಿದ. ಒಂದು ಬೆರಳೆತ್ತಿ ತೋರಿಸಿದ. ಒಂದೇ ಸಾಕು.

ಮುಂದಿನ ಚಳಿಗಾಲ ಅವನು ದಾಟಲಿಲ್ಲ.

ಬಹಳ ಕಾಲದ ಮೇಲೆ ಆ ಆಳ್ವಿಕೆ ಮುಗಿಯಿತು. ಕ್ಲಬ್ಬಿಗೆ ರೋವರ್ಸ್ ಹೆಸರು ಬಂತು, ಕೆಂಪು ಅಂಗಿ ಬಂತು. ಸದಸ್ಯರ ಸಭೆಯಲ್ಲಿ ಹುಡುಗರು, “ಎರಡು ಕೂಗೂ ವಾಪಸ್ ಬರಲಿ” ಎಂದರು. ಕೋಲೂರಿಕೊಂಡು ಬಂದಿದ್ದ ಎದೆಲ್ಮಿರ ಎದ್ದು ನಿಂತಳು.

“ಹೆಸರು ತಗೊಳ್ಳಿ, ಅಂಗಿ ತಗೊಳ್ಳಿ. ಕೂಗು ಒಂದೇ ಇರ್ಲಿ” ಎಂದಳು. “ಎರಡನೇದು ಕೂಗಿದಾಗ ಅವನು ಬರಲಿಲ್ಲ. ಇನ್ನು ಯಾರಿಗೆ ಕೂಗೋದು?”

ಕೂಗು ಒಂದೇ ಉಳಿಯಿತು.

ಈಗ ಅವಳೂ ಇಲ್ಲ. ಕಾರ್ಖಾನೆ ಮುಚ್ಚಿದೆ. ಮೈದಾನದಲ್ಲಿ ಕರೆಂಟಿನ ಸೈರನ್ ಬಂದಿದೆ; ಭುಜ ಕೊಡಬೇಕಾಗಿಲ್ಲ, ಗುಂಡಿ ಒತ್ತಿದರೆ ಸಾಕು. ನಾನು ಕ್ಲಬ್ಬಿನ ಕೋಣೆಯ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ತುಕ್ಕು ಹಿಡಿಯುತ್ತಿದ್ದೇನೆ. ಪ್ರವಾಸಿಗರನ್ನು ಕರೆತರುವ ಹುಡುಗಿ ದಿನವೂ ಒಂದೇ ರಾಗದಲ್ಲಿ ಹೇಳುತ್ತಾಳೆ: “ಇದೂ ನಮ್ಮ ಹಳೇ ಸೈರನ್ನೂ... ನಮ್ಮ ಗೋಲಿಗೆ ಒಂದೇ ಸಲ ಕೂಗೋದೂ... ಯಾಕಂದ್ರೆ ವಿಯಾಮಾರಿನವರು ಮೊದಲಿಂದ್ಲೂ ವಿನಯವಂತರೂ...” ಅವರು ತಲೆಯಾಡಿಸಿ, ಫೋಟೊ ತೆಗೆದು, ಮುಂದೆ ಹೋಗುತ್ತಾರೆ. ನನಗೆ ಬಾಯಿ ದೊಡ್ಡದು, ತಿದ್ದಲು ಕೈ ಬೇಕು.

ಆದರೂ ಭಾನುವಾರಗಳಲ್ಲಿ ನಾನು ಕಿವಿಗೊಟ್ಟು ಕೂರುತ್ತೇನೆ. ಗೋಲು ಬೀಳುತ್ತದೆ. ಕರೆಂಟಿನ ಸೈರನ್ ಒಂದು ಸಲ ಕೂಗಿ ನಿಲ್ಲುತ್ತದೆ. ನಿಂತ ಕೂಡಲೇ ಜನ ಅರಚುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಾರೆ. ಏಕೆಂದು ಅವರಿಗೆ ಗೊತ್ತಿಲ್ಲ. ಅಪ್ಪಂದಿರು ಹಾಗೆ ಮಾಡುತ್ತಿದ್ದರು, ಅವರೂ ಮಾಡುತ್ತಾರೆ.

ಆ ಒಂದು ಉಸಿರಿನಲ್ಲಿ ಬಂಡೆಯ ಕಡೆಯಿಂದ ಒಬ್ಬ ಮನುಷ್ಯ ಇಳಿದು ಬರುವಷ್ಟು ಜಾಗ ಇದೆ.