ಇಂಜಿನ್ನಿನ ಹಿಂದಿನ ಡಬ್ಬಿ

"ಚಾವಣಿ ತೆಗಿಯಯ್ಯಾ ಲೆಮ್, ಒಳಗೆ ಏನು ನಿಧಿ ಬಚ್ಚಿಟ್ಟಿದ್ದೀಯೋ ನೋಡೇಬಿಡೋಣ," ಎಂದು ಗಸ್ ನಕ್ಕ.

ಹಳೆಯ ರೈಲು ನಿಲ್ದಾಣದ ಸಾಮಾನು ಕೋಣೆಯೇ ಪುಟಾಣಿ ರೈಲು ಕಟ್ಟುವವರ ಸಂಘದ ಜಾಗ. ಹೊಸ ಡಬ್ಬಿ ಯಾವುದೇ ಇರಲಿ, ಹಳಿ ಏರುವ ಮೊದಲು ಅದನ್ನು ಅಸಲಿ ರೈಲುಡಬ್ಬಿಯ ಹಳೆಯ ಫೋಟೋದ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಜಾಲಾಡುವುದು ಅಲ್ಲಿಯ ಕಟ್ಟಳೆ. ಒಂದು ರಿವೆಟ್ ಮೊಳೆ ಜರುಗಿದ್ದರೂ ವಾಪಸ್ಸು. ಹಸಿರು ಬಣ್ಣ ತುಸು ಗಾಢವಾಯಿತೆಂದು ಗಸ್‌ನ ಊಟದ ಬೋಗಿಯನ್ನೇ ಹಿಂದಕ್ಕೆ ಕಳಿಸಿದ್ದರು. ಅವನು ಚಳಿಗಾಲವಿಡೀ ಮುಖ ಊದಿಸಿಕೊಂಡಿದ್ದ.

ಸಂಘದಲ್ಲಿದ್ದ ಒಬ್ಬನೇ ಕರಿಯ, ಲೆಮ್ಯುಯೆಲ್ ಪಿಂಕ್ನಿ, ಉಗುರಿನಿಂದ ಚಾವಣಿ ಎತ್ತಿದ. ನಗು ನಿಂತಿತು.

ಡಬ್ಬಿಯ ನಡುವೆ ಒಂದು ಗೋಡೆ. ಗೋಡೆಯ ಹಿಂಭಾಗದಲ್ಲಿ ಮೆತ್ತೆಯ ಆಸನಗಳು. ಇಂಜಿನ್ನಿನ ಕಡೆಗೆ ಬರೀ ಹಲಗೆ ಬೆಂಚು, ದಾರಿಗಡ್ಡವಾಗಿ ಪೆಟ್ಟಿಗೆಗಳ ರಾಶಿ. ಗೋಡೆಯ ಮೇಲೆ ಇರುವೆಯಂಥ ಅಕ್ಷರಗಳ ಬೋರ್ಡು: 'ಕರಿಯರಿಗೆ'.

ಅಧ್ಯಕ್ಷ ಡ್ವೈಟ್ ಭೂತಗನ್ನಡಿ ಕೆಳಗಿಟ್ಟ. "ಕೆಲಸ ಚಿನ್ನದಂಥದ್ದು ಕಣಯ್ಯಾ. ಆದ್ರೆ ಶನಿವಾರ ಪ್ರದರ್ಶನ. ಜನ ಮನೆಮಂದಿ ಕಟ್ಕೊಂಡು ಖುಷಿಗೆ ಬರ್ತಾರೆ."

"ಯಾವ ರಿವೆಟ್ ತಪ್ಪಿದೆ, ತೋರಿಸು."

"ತಪ್ಪು ಅಂತಲ್ಲ..."

"ಮತ್ತೆ? ನಮ್ಮಮ್ಮನ ತೊಡೆ ಮೇಲೆ ಕೂತು ಈ ಬೆಂಚಲ್ಲೇ ಬಂದೋನು ನಾನು. ಇಂಜಿನ್ನಿನ ಕಿಡಿ ಹಾರಿ ಬಂದಿದ್ದೂ ಇಲ್ಲಿಗೇ." ಹೂ ಬಿದ್ದ ಎಡಗಣ್ಣನ್ನು ಅವನು ಬೆರಳಿಂದ ತೋರಿಸಲಿಲ್ಲ, ತೋರಿಸಬೇಕಾಗಿರಲಿಲ್ಲ.

"ಚಾವಣಿ ಅಂಟಿಸಿಬಿಟ್ರಾಯ್ತಪ್ಪ," ಅಂದ ಗಸ್. "ಒಳಗಿರೋದು ಒಳಗೇ ಇರುತ್ತೆ. ಯಾರಿಗೂ ನೋವಿಲ್ಲ."

"ಯಾರಿಗೂ?" ಎಂದ ಲೆಮ್. "ತೆರೆದೇ ಓಡಲಿ. ಇಲ್ಲಾಂದ್ರೆ ಓಡೋದೇ ಬೇಡ."

"ಆಯ್ತು ಮಾರಾಯ, ಯೋಚನೆ ಮಾಡ್ತೀವಿ. ಡಬ್ಬಿ ಇಲ್ಲಿರಲಿ," ಎಂದ ಡ್ವೈಟ್.

ಲೆಮ್ ನಂಬಿದ. ಡಬ್ಬಿಯಲ್ಲಿ ಕೂರಬೇಕಾಗಿದ್ದ ಅಮ್ಮ, ಬಣ್ಣ ಬಳಿದ ಬೊಂಬೆಯಾಗಿ, ಇನ್ನೂ ಮನೆಯ ಕಿಟಕಿಯಲ್ಲಿ ಒಣಗುತ್ತಿದ್ದಳು. ಬೆರಳಿನ ಎರಡು ಗೆಣ್ಣಿನಷ್ಟು ಎತ್ತರ, ಮಡಿಲಲ್ಲಿ ಮಗು, ತಲೆಯ ಮೇಲೆ ಅವಳು ಇಗರ್ಜಿಗೆ ಹಾಕುತ್ತಿದ್ದ ನೀಲಿ ಟೋಪಿ.

ಶನಿವಾರ ಅವಳನ್ನು ಬೆಂಕಿಪೊಟ್ಟಣದಲ್ಲಿ ಮಲಗಿಸಿಕೊಂಡು ಬಂದಾಗ ರೈಲು ಆಗಲೇ ಓಡುತ್ತಿತ್ತು. ಡಬ್ಬಿ ಇಂಜಿನ್ನಿನ ಹಿಂದೆಯೇ ಇತ್ತು. ಚಾವಣಿ ಅಂಟಿಸಿದ್ದರು. ರೈಲು ಹಳತಾಗಿ ಕಾಣಲೆಂದು ಎಲ್ಲರೂ ತೆಳ್ಳಗೆ ಸವರುವ ಮಸಿಪುಡಿಯನ್ನು ಮುಂಭಾಗದ ಕಿಟಕಿಗಳಿಗೆ ದಪ್ಪಗೆ ಮೆತ್ತಿದ್ದರು. ಮೇಜಿನ ಅಂಚಿನ ಚೀಟಿಯಲ್ಲಿ, 'ಸಾಮಾನು ಡಬ್ಬಿ. ಕಟ್ಟಿದವರು: ಎಲ್. ಪಿಂಕ್ನಿ.'

ತನ್ನ ಹೆಸರನ್ನು ಅವನು ಎರಡು ಸಲ ಓದಿದ. ಸುಳ್ಳು ಅವರದು, ರುಜು ತನ್ನದು.

ರೈಲು ಪುಟ್ಟ ನಿಲ್ದಾಣದಲ್ಲಿ ನಿಂತದ್ದೇ ತಡ, ಲೆಮ್ ಡಬ್ಬಿಯನ್ನು ಎತ್ತಿಕೊಂಡು ಅಂಟಿನ ಸಂದಿಗೆ ಚಾಕು ತೂರಿಸಿದ. ಚಾವಣಿ ಲಟಕ್ಕನೆ ಕಿತ್ತು ಬಂತು.

"ಲೆಮ್, ಬೇಡ. ಜನ ನೋಡ್ತಿದಾರೆ," ಎಂದ ಡ್ವೈಟ್, ಹಲ್ಲು ಕಚ್ಚಿ.

"ನೋಡೋಕೇ ಅಲ್ವಾ ಬಂದಿರೋದು?"

ಅಮ್ಮನನ್ನು ಹಲಗೆ ಬೆಂಚಿನ ಮೇಲೆ ಕೂರಿಸಿ, ಡಬ್ಬಿಯನ್ನು ಮತ್ತೆ ಇಂಜಿನ್ನಿಗೆ ಕೊಂಡಿ ಹಾಕಿದ. "ರೈಲು ಬಿಡು, ಗಸ್."

ಗಸ್ ಅಧ್ಯಕ್ಷನ ಮುಖ ನೋಡಿದ, ಡಬ್ಬಿ ನೋಡಿದ, ಗುಂಡಿ ತಿರುಗಿಸಿದ. ಚಾವಣಿಯಿಲ್ಲದ ಡಬ್ಬಿ ಹೊರಟಿತು. ಹೆಂಗಸೊಬ್ಬಳು ಕಣ್ಣು ಕಿರಿದು ಮಾಡಿ ಬೋರ್ಡು ಓದಿ, ಪಕ್ಕದವಳ ತೋಳು ಹಿಡಿದೆಳೆದಳು. ಒಬ್ಬೊಬ್ಬರಾಗಿ ಬಾಗತೊಡಗಿದರು. ಅಷ್ಟರಲ್ಲಿ ರೈಲು ಸುರಂಗ ಹೊಕ್ಕಿತು.

ಡ್ವೈಟ್ ಕೋಣೆಯ ಗೋಡೆಯ ಸ್ವಿಚ್ ಆರಿಸಿದ. ರೈಲು ಸುರಂಗದೊಳಗೇ ನಿಂತಿತು.

"ಸಣ್ಣ ದೋಷ, ಈಗ ಸರಿಮಾಡ್ತೀವಿ. ಆ ಕಡೆ ಕಾಫಿ ಇದೆ, ಬನ್ನಿ ಬನ್ನಿ."

ಕೆಲವರು ಹೋದರು. ಕೆಲವರು ಸುರಂಗದ ಆಚೆ ಬಾಯಲ್ಲಿ ಕಾದರು, ಆಮೇಲೆ ಅವರೂ ಹೋದರು. ಲೆಮ್ ಅಂಗಿಯ ತೋಳು ಮಡಿಚಿ, ಮಂಡಿಯೂರಿ, ಮೊಣಕೈವರೆಗೂ ಕೈಯನ್ನು ಕತ್ತಲೊಳಗೆ ತೂರಿಸಿದ. ಇಂಜಿನ್ ಇನ್ನೂ ಬೆಚ್ಚಗಿತ್ತು. ಅದರ ಹಿಂದೆ ಬೆರಳಿಗೆ ಮೊದಲು ಸಿಕ್ಕಿದ್ದು ಟೋಪಿ. ಅವನು ಎಳೆಯಲಿಲ್ಲ. ಬೆರಳನ್ನು ಅದರ ಮೇಲೆ ಹಾಗೇ ಇಟ್ಟುಕೊಂಡು ಕೂತ.