ಬಾಗಿಲ ಮುಂದಿನ ಫೋಟೋಗಳು

ಕೊನೆಯ ಎಳೆಯನ್ನು ಸುತ್ತಿಸಿ ತಂದು ಮೊದಲ ಚುಕ್ಕಿಗೆ ಸೇರಿಸಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಗಂಡ ಹರಿದಾಸರ ದನಿ ಬಂತು.

"ಜಯಾ, ಇಲ್ಲಿ ಬಾ ಸ್ವಲ್ಪ. ಬೇಗ."

ಜಯಲಕ್ಷ್ಮಿಯ ಬೆರಳುಗಳ ನಡುವಿನಿಂದ ಪುಡಿ ಒಂದೇ ಕಡೆ ಗುಡ್ಡೆಯಾಗಿ ಬಿತ್ತು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಎದ್ದಳು. ನಾಲ್ಕನೇ ಮಹಡಿಯ ಓಣಿಯಲ್ಲಿ ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡಿಗೂ ತಮ್ಮ ಬಾಗಿಲಿಗೂ ನಡುವೆ ಧಾರಾಳ ಜಾಗವಿತ್ತು. ಆದರೂ ಈಚೆಗೆ ಅವಳು ಹಾಕುತ್ತಿದ್ದುದು ಏಳು ಚುಕ್ಕಿಯ ರಂಗೋಲಿ ಮಾತ್ರ.

ಹರಿದಾಸರು ಮಗಳ ಲ್ಯಾಪ್‌ಟಾಪಿನ ಮುಂದೆ ಕನ್ನಡಕ ಏರಿಸಿಕೊಂಡು ಕೂತಿದ್ದರು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಅದನ್ನ ನೀವ್ಯಾಕೆ ತೆಗೆದ್ರಿ?"

"ನಾನೆಲ್ಲಿ ತೆಗೆದೆ? ಅದೇ ತೆಗೆದಿತ್ತು, ನಾನು ಕೂತೆ ಅಷ್ಟೆ. ನೋಡು, ದಿಲ್ಲಿ ಎಲ್ಲಿ ಹೋಗಿದೆ!"

ನಿನ್ನೆಯವರೆಗೆ ಪಟ್ಟಿಯ ಮೊದಲ ಸಾಲಿನಲ್ಲಿದ್ದ ದಿಲ್ಲಿಯ ಕಾಲೇಜು ಇಂದು ನಾಲ್ಕನೆಯದಾಗಿತ್ತು. ಮೇಲಿನ ಮೂರೂ ಇಲ್ಲೇ ಚೆನ್ನೈಯವು. ಮಗಳು ಮಾನ್ಯಾ ಎಂಬಿಬಿಎಸ್ ಮುಗಿಸಿ, ಕೊಯಮತ್ತೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಎಂಡಿ ಮುಗಿಸಿ, ನರರೋಗ ವಿಭಾಗದ ಮುಂದಿನ ಓದಿಗಾಗಿ ಒಂಬತ್ತು ತಿಂಗಳು ಮನೆಯಲ್ಲಿ ಕೂತು ಪರೀಕ್ಷೆ ಬರೆದಿದ್ದಳು. ಒಳ್ಳೆಯ ರ‍್ಯಾಂಕು ಬಂದಿತ್ತು. ಇನ್ನು ಉಳಿದದ್ದು ಯಾವ ಕಾಲೇಜು ಬೇಕೆಂದು ಕ್ರಮವಾಗಿ ಬರೆಯುವುದು. ಮೇಲಿನದು ಸಿಕ್ಕಿಬಿಟ್ಟರೆ ಕೆಳಗಿನದನ್ನು ಕಂಪ್ಯೂಟರು ನೋಡುವುದೇ ಇಲ್ಲ. ಇಂದು ಸಂಜೆ ನಾಲ್ಕಕ್ಕೆ ಪಟ್ಟಿಗೆ ಬೀಗ ಬೀಳುತ್ತಿತ್ತು.

"ಮೊದಲನೇದೇ ಸಿಕ್ಕಿಬಿಡತ್ತೆ ಇವಳ ರ‍್ಯಾಂಕಿಗೆ. ಅಪ್ಪುರಂ, ಆಮೇಲೆ ದಿಲ್ಲಿ ಗೋವಿಂದ," ಎಂದರು ಹರಿದಾಸರು. "ನೀನೇನಾದ್ರೂ ಹೇಳಿದ್ಯಾ, ದೂರ ಬೇಡ ಅಂತ?"

"ನಾನ್ಯಾಕೆ ಹೇಳಲಿ?"

ಎಂಡಿ ಓದುವಾಗ ಮಾನ್ಯಾ ಎರಡು ತಿಂಗಳು ದಿಲ್ಲಿ ಕಾಲೇಜಿನ ನರರೋಗ ವಿಭಾಗಕ್ಕೆ ಹೋಗಿ ನೋಡಿ ಬಂದಿದ್ದಳು. ಬಂದವಳು ಊಟಕ್ಕೆ ಕೂತರೂ ಅದೇ ಮಾತು. ಮಾತು ನಿಂತುಹೋಗಿದ್ದ ಒಬ್ಬ ಬಸ್ ಡ್ರೈವರು ಚಿಕಿತ್ಸೆ ಶುರುವಾದ ನಾಲ್ಕು ಗಂಟೆಯೊಳಗೆ ಹೆಂಡತಿಯ ಹೆಸರು ಹಿಡಿದು ಕರೆದನಂತೆ. ಅದನ್ನು ಹೇಳುವಾಗ ಮಗಳ ಕೈಯಲ್ಲಿನ ತುತ್ತು ಹಾಗೇ ಒಣಗಿತ್ತು. ಅಂಥವಳು ಈಗ ದಿಲ್ಲಿಯನ್ನು ಕೆಳಗೆ ತಳ್ಳಿದ್ದಾಳೆ ಎಂದರೆ ಏನೋ ಇದೆ.

ಕಾಫಿ ಕುಡಿದು ಜಯಲಕ್ಷ್ಮೀ ತನ್ನ ಮೂರು ಮಾತ್ರೆಗಳನ್ನು ನುಂಗಿದಳು. ಬಿಪಿಯದು, ಥೈರಾಯಿಡಿನದು, ತಲೆಸುತ್ತಿನದು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು ನವರಾತ್ರಿಯಿಂದೀಚೆಗೆ ರೂಢಿಯಾಗಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದ ಮಾತು ಕೇಳಲು ತಡಮಾಡುತ್ತಿತ್ತು. ಚಪಾತಿ ಲಟ್ಟಿಸಿದರೆ ಅಂಗೈಯಗಲ ದಾಟುತ್ತಿರಲಿಲ್ಲ. ರವಿಕೆಯ ಹುಕ್ಕು ಹಾಕಿಕೊಳ್ಳಲು ಒಂದು ಸ್ತೋತ್ರ ಹೇಳಿ ಮುಗಿಸುವಷ್ಟು ಹೊತ್ತು. ಯಾರಿಗೂ ಹೇಳಿರಲಿಲ್ಲ. ಮಗಳ ಪರೀಕ್ಷೆ ಮುಗಿಯಲಿ ಎಂದುಕೊಂಡಳು. ಆಮೇಲೆ ರಿಸಲ್ಟು ಬರಲಿ ಎಂದುಕೊಂಡಳು. ಈಗ, ಇದೊಂದು ಪಟ್ಟಿ ಆಗಿಬಿಡಲಿ.

ಮಾನ್ಯಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. ದಿನದಂತೆ ಮೊಬೈಲ್ ಹಿಡಿದು ಬಾಗಿಲಾಚೆ ಹೋಗಿ ರಂಗೋಲಿಯ ಫೋಟೋ ತೆಗೆದಳು. ಮನೆಗೆ ಬಂದ ಮೊದಲ ವಾರದಿಂದ ಇದು ನಡೆದಿತ್ತು. ಸ್ಟೇಟಸ್‌ಗೆ ಹಾಕೋಕಮ್ಮಾ ಎಂದಿದ್ದಳು.

"ಅಮ್ಮಾ, ಇವತ್ತು ಪೋರೂರಿಗೆ ಹೋಗಿ ಸರ್‌ನ ನೋಡ್ಕೊಂಡ್ ಬರೋಣ್ವಾ? ರ‍್ಯಾಂಕ್ ಬಂದ್ಮೇಲೆ ಹೋಗೇ ಇಲ್ಲ."

ಜಯಲಕ್ಷ್ಮಿಗೂ ಅದೇ ಯೋಚನೆ ಬಂದಿತ್ತು. ಇವಳಿಗೆ ಬುದ್ಧಿ ಹೇಳಬಲ್ಲವರು ಅವರೊಬ್ಬರೇ. "ಹೋಗೋಣ. ಒಂದು ಡಬ್ಬಿ ಹಯಗ್ರೀವ ಮಾಡ್ಕೋತೀನಿ, ಬರಿಗೈಯಲ್ಲಿ ಬೇಡ," ಎಂದು ಕಡಲೇಬೇಳೆ ಬೇಯಲು ಇಟ್ಟಳು.

ಮಾನ್ಯಾಳ ಸರ್, ನರರೋಗ ತಜ್ಞ ಡಾಕ್ಟರ್ ಸುಶಮೀಂದ್ರ ನಿವೃತ್ತರಾಗಿ ಏಳು ವರ್ಷವಾಗಿತ್ತು. ಪೋರೂರು ಕೆರೆಯ ಹತ್ತಿರ ಮನೆಯ ಮುಂಗೋಣೆಯಲ್ಲೇ ಬೆಳಗಿನ ಹೊತ್ತು ರೋಗಿಗಳನ್ನು ನೋಡುತ್ತಿದ್ದರು. ಭಾನುವಾರಗಳಂದು ಮಾನ್ಯಾ ಅವರ ಬಳಿ ಹೋಗಿ ರೋಗಿಯನ್ನು ಪರೀಕ್ಷಿಸುವ ಕ್ರಮ ಕಲಿತಿದ್ದಳು. ಇವರದರಂತೆ ಅವರ ಮನೆತನವೂ ಮೂರು ತಲೆಮಾರಿನಿಂದ ಮದ್ರಾಸಿನದೇ. ಅವರ ಕನ್ನಡದಲ್ಲಿ ಅರ್ಧ ತಮಿಳು, ಅರ್ಧ ತಮಾಷೆ.

"ವಾಮ್ಮಾ, ರ‍್ಯಾಂಕು!" ಎಂದರು ಕುರ್ಚಿಯಿಂದಲೇ. "ಈಗ ದಾರಿ ಗೊತ್ತಾಯ್ತೇನು ನಮ್ಮ ಮನೆಗೆ?"

ಜಯಲಕ್ಷ್ಮೀ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳ ಟಕಟಕ ಎಂದಿತು. ಅದನ್ನು ಮುಚ್ಚಿಹಾಕಲೆಂದೇ ಅವಸರದಲ್ಲಿ ಮಾತು ಶುರುಮಾಡಿದಳು. "ಸರ್, ನೀವೇ ಸ್ವಲ್ಪ ಇವಳಿಗೆ ಹೇಳಬೇಕು. ದಿಲ್ಲಿ ದಿಲ್ಲಿ ಅಂತಿದ್ದೋಳು ಈಗ..."

"ಸರ್, ಮೊದಲು ನೀವು ಅಮ್ಮನ್ನ ಒಂದ್ಸಲ..." ಎಂದು ಅದೇ ಹೊತ್ತಿಗೆ ಮಾನ್ಯಾ ಶುರುಮಾಡಿದ್ದಳು.

ಇಬ್ಬರೂ ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿದರು.

"ಶರಿಯಾಯ್ತು," ಎಂದರು ಡಾಕ್ಟರು. "ಒಂದೇ ಆಟೋದಲ್ಲಿ ಬಂದು ಒಬ್ಬರ ಮೇಲೊಬ್ಬರು ದೂರು ಕೊಡೋ ಕೇಸು ಇದೇ ಮೊದಲು. ಚಿಕ್ಕವಳು ಮೊದಲು ಹೇಳಲಿ."

ಮಾನ್ಯಾ ಮೊಬೈಲ್ ತೆರೆದು ಅವರ ಮುಂದೆ ಇಟ್ಟಳು. ಅವರು ಬೆರಳಿನಿಂದ ಒಂದೊಂದೇ ಸರಿಸತೊಡಗಿದರು. ಜಯಲಕ್ಷ್ಮೀ ಬಗ್ಗಿ ನೋಡಿದಳು. ಅವಳದೇ ರಂಗೋಲಿಗಳು. ಎಲ್ಲದರ ಪಕ್ಕದಲ್ಲೂ ಅಳತೆಗೆಂಬಂತೆ ಅದೇ ಹಾಲಿನ ಪ್ಯಾಕೆಟ್ಟು. ಮೊದಲು ಹದಿನೈದು ಚುಕ್ಕಿಯದು, ಎಳೆಗಳು ದಾರ ಹಿಡಿದು ಎಳೆದಂತೆ. ಆಮೇಲೆ ಹನ್ನೊಂದು. ಆಮೇಲೆ ಒಂಬತ್ತು, ಎಳೆ ಅಲ್ಲಲ್ಲಿ ಅಲುಗಿತ್ತು. ಕೊನೆಗೆ ಏಳು ಚುಕ್ಕಿ, ಅದೂ ಒಂದು ತಟ್ಟೆಯಷ್ಟಗಲ.

ಸ್ಟೇಟಸ್ಸಿಗಲ್ಲ. ಜಯಲಕ್ಷ್ಮೀ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಇಷ್ಟು ದಿನ ತಾನು ಮುಚ್ಚಿಟ್ಟದ್ದನ್ನು ಇವಳು ದಿನದಿನವೂ ನೋಡಿದ್ದಾಳೆ. ನೋಡಿ, ಒಬ್ಬಳೇ ಇಟ್ಟುಕೊಂಡಿದ್ದಾಳೆ. ಆಮೇಲೆ ದಿಲ್ಲಿಯನ್ನು ಕೆಳಗಿಳಿಸಿದ್ದಾಳೆ.

"ಕೇಳಿದ್ಯಾ?" ಎಂದರು ಡಾಕ್ಟರು.

"ಏನು ಸರ್?"

"ಅಮ್ಮನ್ನ. ಏನಾಗ್ತಿದೆ ಅಂತ ಬಾಯಿಬಿಟ್ಟು ಕೇಳಿದ್ಯಾ?"

ಮಾನ್ಯಾ ತಲೆ ತಗ್ಗಿಸಿದಳು.

"ಫೋಟೋ ತೆಗೆದಿದೀಯ. ಅಳತೆ ಇಟ್ಟಿದೀಯ. ರೋಗಕ್ಕೆ ನಾಮಕರಣ ಕೂಡ ಆಗೋಗಿದೆ ತಾನೆ? ತೊಟ್ಟಿಲಿಗೆ ಹಾಕೋದೊಂದು ಬಾಕಿ."

"ಪಾರ್ಕಿನ್‌ಸನ್ಸ್," ಎಂದಳು ಮಾನ್ಯಾ. "ಅದರಲ್ಲಿ ಬರವಣಿಗೆ ಚಿಕ್ಕದಾಗತ್ತಲ್ಲ, ಈ ರಂಗೋಲೀನೂ ಹಾಗೇ ಇದೆ ಸರ್. ನಡೆಯೋವಾಗ ಕೈ ಬೀಸಲ್ಲ. ನಾನು ದಿಲ್ಲಿಗೆ ಹೋದ್ರೆ ಮೂರು ವರ್ಷ ಬರೋಕಾಗಲ್ಲ. ಅಷ್ಟರಲ್ಲಿ ಇವಳು..."

ಆ ಹೆಸರು ಜಯಲಕ್ಷ್ಮಿಗೆ ಗೊತ್ತಿತ್ತು. ಕೆಳಮನೆಯ ಲೀಲಮ್ಮನ ಗಂಡನಿಗೆ ಅದೇ. ಅವರಿಗೆ ಈಗ ಯಾರಾದರೂ ಊಟ ಮಾಡಿಸಬೇಕು. ಮೇಜಿನ ಅಂಚು ಹಿಡಿದುಕೊಂಡಳು.

"ರಂಗೋಲಿ ಯಾವ ಕೈಯಲ್ಲಿ ಹಾಕ್ತಾರೆ?" ಡಾಕ್ಟರ ದನಿಯಲ್ಲಿ ಅವಸರವಿರಲಿಲ್ಲ.

"ಬಲಗೈಯಲ್ಲಿ."

"ಎಡಗೈ ಏನು ಪಾಪ ಮಾಡ್ತು? ಅದರ ಫೋಟೋ ಎಲ್ಲಿ?" ಅವರು ಕುರ್ಚಿ ಹಿಂದೆ ಸರಿಸಿದರು. "ಬಾ, ನೀನೇ ನೋಡು. ಭಾನುವಾರ ಕಲಿಸಿದ್ದೆನಲ್ಲ. ಇವರು ನಿಮ್ಮ ಅಮ್ಮ ಅಲ್ಲ, ಹೊರಗೆ ಟೋಕನ್ ತಗೊಂಡು ಕೂತ ಯಾರೋ."

ಮಾನ್ಯಾ ತಾಯಿಯ ಮುಂದೆ ಮಂಡಿಯೂರಿ ಕೂತಳು. ಹೆಬ್ಬೆರಳಿಗೆ ತೋರುಬೆರಳು ಬೇಗ ಬೇಗ ತಟ್ಟಲು ಹೇಳಿದಳು. ಬಲಗೈ, ಆಮೇಲೆ ಎಡಗೈ. ಮಣಿಕಟ್ಟು ಹಿಡಿದು ಮೆಲ್ಲನೆ ತಿರುಗಿಸಿದಳು. ಜಯಲಕ್ಷ್ಮಿಗೆ ಮಗಳ ಬೆರಳುಗಳ ತಣ್ಣಗಿನ ಬಿಗಿ ತಿಳಿಯುತ್ತಿತ್ತು. ಎಡಗೈಯನ್ನು ಮತ್ತೊಮ್ಮೆ ತಿರುಗಿಸಿದಳು, ಬಲಗೈಯನ್ನು ಮತ್ತೊಮ್ಮೆ. ಹುಬ್ಬು ಗಂಟಿಕ್ಕಿತು.

"ಎರಡೂ ಒಂದೇ ಥರ ಇದೆ ಸರ್."

"ಹಾಂ. ಆ ರೋಗ ಸಾಮಾನ್ಯವಾಗಿ ಹೇಗೆ ಬರತ್ತೆ?"

"ಮೊದಲು ಒಂದು ಕಡೆ..." ಮಾನ್ಯಾ ಅಲ್ಲಿಗೇ ನಿಲ್ಲಿಸಿದಳು.

"ಅಮ್ಮಾ," ಎಂದು ಡಾಕ್ಟರು ಜಯಲಕ್ಷ್ಮಿಯ ಕಡೆ ತಿರುಗಿದರು. "ಏನೇನು ಮಾತ್ರೆ ತಗೋತೀರಿ? ಬ್ಯಾಗಲ್ಲಿ ಇದ್ದರೆ ಎಲ್ಲಾ ಇಲ್ಲಿ ಸುರೀರಿ. ನಾಚ್ಕೋಬೇಡಿ."

ಅವಳು ಸುರಿದಳು. ಅವರು ಎರಡು ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ ಮೂರನೆಯದನ್ನು ಎತ್ತಿ ಮಗಳ ಕಣ್ಣ ಮುಂದೆ ಹಿಡಿದರು. ಮಾನ್ಯಾ ಹೆಸರು ಓದಿದಳು. ಬಾಯಿ ತೆರೆದೇ ಇತ್ತು.

"ಇದನ್ನ ಯಾರಮ್ಮಾ ಕೊಟ್ಟದ್ದು?" ಎಂದು ಕೇಳಿದರು ಡಾಕ್ಟರು.

"ತಿರುಪತಿಗೆ ಹೋಗೋ ಮುಂಚೆ ತಲೆ ಸುತ್ತಿತ್ತು ಸರ್. ಹತ್ತಿರದ ಡಾಕ್ಟರು ಬರೆದುಕೊಟ್ಟರು. ಚೆನ್ನಾಗಿ ಸೂಟ್ ಆಯ್ತು."

"ಎಷ್ಟು ದಿನಕ್ಕೆ ಬರೆದಿದ್ರು?"

"ಹತ್ತು ದಿನ."

"ತಿರುಪತಿಗೆ ಹೋಗಿದ್ದು ಯಾವಾಗ?"

ಜಯಲಕ್ಷ್ಮೀ ಮನಸ್ಸಿನಲ್ಲೇ ಎಣಿಸಿದಳು. "ಮೂರು ವರ್ಷ ಆಗಿರಬೇಕು."

ಡಾಕ್ಟರು ಗಹಗಹಿಸಿ ನಕ್ಕರು. "ಡಾಕ್ಟರು ಹತ್ತು ದಿನ ಕೊಟ್ರು, ಇವರು ವ್ರತ ಹಿಡಿದುಬಿಟ್ರು!"

"ಸೂಟ್ ಆಗಿತ್ತಲ್ಲ ಸರ್, ಬಿಟ್ಟರೆ ಮತ್ತೆ ಸುತ್ತಿದರೆ ಅಂತ... ಹಳೇ ಚೀಟಿ ತೋರಿಸಿದರೆ ಅಂಗಡಿಯಲ್ಲಿ ಕೊಡ್ತಿದ್ದರು."

"ತಲೆಸುತ್ತಿಗೆ ಒಳ್ಳೆ ಮಾತ್ರೆನೇ ಅದು, ಹತ್ತು ದಿನಕ್ಕೆ. ವರ್ಷಗಟ್ಟಲೆ ನುಂಗಿದರೆ ಹೀಗೇ ಕೈ ಕಟ್ಟಿಹಾಕತ್ತೆ, ನಡುಗಿಸತ್ತೆ. ನೋಡೋಕೆ ಆ ರೋಗದ ಥರಾನೇ ಇರತ್ತೆ. ಇವತ್ತಿನಿಂದ ನಿಲ್ಲಿಸಿಬಿಡಿ. ಎರಡು ಮೂರು ತಿಂಗಳು ಹಿಡೀಬಹುದು, ಕೆಲವರಿಗೆ ಇನ್ನೂ ಸ್ವಲ್ಪ. ತಿಂಗಳಿಗೊಂದು ಸಲ ಬಂದು ನನಗೆ ಕೈ ತೋರಿಸಿ. ಬಿಡಲಿಲ್ಲ ಅಂದ್ರೆ ಆಗ ಯೋಚನೆ ಮಾಡೋಣ. ಆದರೆ ಬಿಡತ್ತೆ ಅಂತಲೇ ನನಗನ್ಸತ್ತೆ. ನಲವತ್ತು ವರ್ಷದಲ್ಲಿ ಇಂಥವರನ್ನ ತುಂಬ ನೋಡಿದೀನಿ."

ಮಾನ್ಯಾ ಇನ್ನೂ ನೆಲದ ಮೇಲೇ ಕೂತಿದ್ದಳು. "ಪರೀಕ್ಷೇಲಿ ಬಂದಿತ್ತು ಸರ್. ಇದೇ ಪ್ರಶ್ನೆ. ಇದೇ ಮಾತ್ರೆ. ಸರಿಯಾಗಿ ಬರೆದಿದ್ದೆ."

"ಮಾರ್ಕು ಸಿಕ್ತು. ಪೇಷಂಟು ತಪ್ಪಿಸ್ಕೊಂಡ್ರು," ಎಂದರು ಡಾಕ್ಟರು, ಹಯಗ್ರೀವದ ಡಬ್ಬಿಯ ಮುಚ್ಚಳ ತೆಗೆಯುತ್ತ. "ಹೋಗು, ಮುಖ ತೊಳ್ಕೊಂಡು ಬಾ. ಹಿತ್ತಲಲ್ಲಿ ನಲ್ಲಿ ಇದೆ."

ಮಗಳು ಎದ್ದು ಹೋದಮೇಲೆ ಜಯಲಕ್ಷ್ಮೀ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ತಾನು ಇಷ್ಟು ಹೆದರಿದ್ದೆ ಎಂಬುದು ಹೆದರಿಕೆ ಇಳಿದ ಮೇಲೆ ಅವಳಿಗೆ ಗೊತ್ತಾಯಿತು.

"ನಿಮ್ಮ ದೂರು ಏನೋ ಇತ್ತಲ್ಲ, ದಿಲ್ಲಿ ವಿಷಯ?" ಎಂದರು ಡಾಕ್ಟರು, ಚಮಚ ಬಾಯಿಗಿಡುತ್ತ.

"ಇಲ್ಲ ಸರ್. ನಾನು ನೋಡ್ಕೋತೀನಿ."

ವಾಪಸು ಬರುವಾಗ ಆಟೋ ಗಿಂಡಿ ಬಡಾವಣೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತಿತು. ಮಾನ್ಯಾ ತಾಯಿಯ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳು. "ಸಾರಿ ಮಾ," ಎಂದಳು ಒಮ್ಮೆ. "ನೀನಾದ್ರೂ ಹೇಳಬಾರದಾಗಿತ್ತಾ?" ಎಂದಳು ಇನ್ನೊಮ್ಮೆ, ಸಿಟ್ಟಿನಿಂದ. "ನೀನಾದ್ರೂ ಕೇಳಬಾರದಾಗಿತ್ತಾ?" ಎಂದಳು ಜಯಲಕ್ಷ್ಮೀ. ಇಬ್ಬರಿಗೂ ನಗು ಬಂತು. ಆಟೋದವನು ಕನ್ನಡಿಯಲ್ಲಿ ನೋಡಿದ. ದಿಲ್ಲಿಯ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಮನೆಗೆ ಬಂದು ಊಟ ಮುಗಿಯುವ ಹೊತ್ತಿಗೆ ಮೂರು ಗಂಟೆ. ಸುದ್ದಿ ಕೇಳಿದ ಹರಿದಾಸರು ಎರಡು ಸಲ ಮಾತ್ರೆಯ ಪಟ್ಟಿಯನ್ನು ತಿರುವಿ ನೋಡಿ, ರಾಯರ ಪಟಕ್ಕೆ ಕೈಮುಗಿದು ಬಂದು, ಗಡಿಯಾರದ ಕೆಳಗೆ ಕೂತರು. "ಮೂರೂ ಹತ್ತು," ಎಂದರು. ಸ್ವಲ್ಪ ಹೊತ್ತಿಗೆ, "ಮೂರೂ ಇಪ್ಪತ್ತು. ಜಯಾ, ನೀನಾದರೂ ಹೇಳೇ ಅವಳಿಗೆ." ಜಯಲಕ್ಷ್ಮೀ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ ಅಡುಗೆಮನೆಗೆ ಹೋದಳು.

ಮಾನ್ಯಾ ಚಿಕ್ಕಂದಿನಿಂದಲೂ ಹಾಗೆ. ಸ್ಕೂಲಿನ ಟೂರಿಗೆ ಹೋಗಬೇಕಿದ್ದರೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವಳು. ನೀರು ಕುಡಿಯುವಳು, ಕರಿಬೇವು ಬಿಡಿಸಿಕೊಡುವಳು, ಕೇಳುತ್ತಿರಲಿಲ್ಲ. ಜಯಲಕ್ಷ್ಮಿಯೇ ಮುಖ ನೋಡಿ, "ಹೋಗಿ ಬಾ, ಅಪ್ಪನಿಗೆ ನಾನು ಹೇಳ್ತೀನಿ," ಎಂದುಬಿಡುವಳು. ಮೆಡಿಕಲ್ ಸೇರುವಾಗಲೂ ಹಾಗೆಯೇ ಆಗಿತ್ತು, ಕೊಯಮತ್ತೂರಿಗೆ ಹೋಗುವಾಗಲೂ.

ಈಗಲೂ ಬಂದು ನಿಂತಳು. ಸಿಂಕಿನಲ್ಲಿ ಪಾತ್ರೆಗಳಿದ್ದವು. ಜಯಲಕ್ಷ್ಮೀ ಒಂದೊಂದನ್ನೇ ನಿಧಾನವಾಗಿ ಉಜ್ಜುತ್ತಿದ್ದಳು. ಮಗಳು ಫಿಲ್ಟರಿನಿಂದ ನೀರು ಬಗ್ಗಿಸಿಕೊಂಡು ಕುಡಿದಳು. ತೊಳೆದ ತಟ್ಟೆಗಳನ್ನು ಒರೆಸಿ ಸ್ಟ್ಯಾಂಡಿಗೆ ಸೇರಿಸಿದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಹೋಗಿ ಬಾ ಎಂಬ ಮಾತು ಜಯಲಕ್ಷ್ಮಿಯ ಬಾಯಿಯವರೆಗೆ ಬಂದಿತ್ತು. ಈ ಸಲ ಅವಳೇ ಬಾಯಿಬಿಟ್ಟು ಕೇಳಲಿ ಎಂದು ಅದನ್ನು ನುಂಗಿಕೊಂಡು ಸಾರಿನ ಪಾತ್ರೆಗೆ ಕೈಹಾಕಿದಳು.

"ಮೂರೂವರೆ!" ಎಂದಿತು ನಡುಮನೆಯಿಂದ ಹರಿದಾಸರ ದನಿ.

"ಅಮ್ಮಾ," ಎಂದಳು ಮಾನ್ಯಾ.

ಜಯಲಕ್ಷ್ಮೀ ತಿರುಗಲಿಲ್ಲ. "ಹ್ಞೂಂ?"

ಬಟ್ಟೆಯನ್ನು ಮಡಿಸುವ, ಮತ್ತೆ ಬಿಚ್ಚುವ ಸದ್ದು. ಜಯಲಕ್ಷ್ಮೀ ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"ಅಮ್ಮಾ, ನಾನು ದಿಲ್ಲಿಗೆ ಹೋಗ್ಲಾ?"